ಆ ಎಕ್ಸೆಲ್ ಶೀಟ್ ದಯವಿಟ್ಟು ಡಿಲೀಟ್ ಮಾಡಿ

ಹೋದ ವಾರ ಇಲ್ಲಿನ ಕನ್ನಡದ ಗೆಳೆಯರ ವಾಟ್ಸಾಪ್ ಗುಂಪಿಗೆ ಒಂದು ಫೈಲ್ ಬಂತು. ಹೆಸರು 'ಯುರೋಪ್ ಫೈನಲ್ ವಿ7'. ಇಂಗ್ಲೆಂಡಿಗೆ ಹೊಸದಾಗಿ ಬಂದ ಹುಡುಗನೊಬ್ಬ ಬೇಸಿಗೆ ರಜೆಗೆ ಸ್ವಂತ ಕಾರಲ್ಲಿ ಯುರೋಪ್ ಸುತ್ತೋದು ಹೇಗೆ ಅಂತ ಕೇಳಿದ್ದ. ಕೇಳಿದ ಐದೇ ನಿಮಿಷಕ್ಕೆ ಯಾರೋ ಇದನ್ನು ಕಳಿಸಿದರು. ಕೆಳಗೆ ಹದಿನೈದು ಜನ ಹೆಬ್ಬೆರಳು ಎತ್ತಿದರು. 'ಸೂಪರ್ ಗುರು, ಇದನ್ನೇ ಫಾಲೋ ಮಾಡು, ಕಣ್ಣು ಮುಚ್ಕೊಂಡು ಹೋಗ್ಬಹುದು.'

ಕಣ್ಣು ಮುಚ್ಕೊಂಡು ಅನ್ನೋ ಮಾತಿಗೇ ನನ್ನ ತಕರಾರು. ಯಾಕೆಂದರೆ ಆ ಶೀಟ್ ಮಾಡಿದವನು ನಾನು. ಅದನ್ನು ಫಾಲೋ ಮಾಡಿ ನಿಜವಾಗಲೂ ಕಣ್ಣು ಮುಚ್ಚಿದವನೂ ನಾನೇ. ಸಾಫ್ಟ್‌ವೇರ್‌ನವರ ಭಾಷೆಯಲ್ಲೇ ಹೇಳ್ತೀನಿ: ಈ ಆವೃತ್ತಿಯಲ್ಲಿ ಜೀವ ತೆಗೆಯೋ ಬಗ್ ಇದೆ, ಬರೆದವನೇ ವಾಪಸ್ ತಗೋತಿದ್ದಾನೆ. ದಯವಿಟ್ಟು ಇನ್ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಶೀಟಿನಲ್ಲಿ ಏನಿದೆ ಅಂತ ನೋಡದವರಿಗೆ ಹೇಳಿಬಿಡ್ತೀನಿ. ಒಂಬತ್ತು ದಿನ, ಎಂಟು ದೇಶ. ಬೆಳಗಿನ ಜಾವ ಮೂರಕ್ಕೆ ಮನೆ ಬಿಡೋದು, ಡೋವರ್‌ನಲ್ಲಿ ಏಳು ಗಂಟೆಯ ಫೆರ್ರಿ, ಸಂಜೆ ಪ್ಯಾರಿಸ್. ಅಲ್ಲಿ ಎರಡು ರಾತ್ರಿ. ಆಮೇಲೆ ದಿನಕ್ಕೊಂದು ಊರು: ಲುಸರ್ನ್, ಮಿಲಾನ್‌ನಲ್ಲಿ ಊಟ ಮಾಡಿ ವೆನಿಸ್, ಸಾಲ್ಸ್‌ಬರ್ಗ್, ಮ್ಯೂನಿಕ್ ಮುಟ್ಟಿ ಪ್ರಾಗ್, ಬರ್ಲಿನ್, ಆಮ್‌ಸ್ಟರ್‌ಡ್ಯಾಮ್. ಕೊನೆಯ ದಿನ ಬೆಲ್ಜಿಯಂ ಅನ್ನು ಕಿಟಕಿಯಿಂದಲೇ ನೋಡಿ ಕ್ಯಾಲೆ, ಫೆರ್ರಿ, ಮನೆ. ಇಂಗ್ಲೆಂಡಿನ ದಾರಿ ಬಿಟ್ಟರೂ ಸುಮಾರು 3,700 ಕಿ.ಮೀ. ಗಂಟೆಗೆ ಸರಾಸರಿ 80 ಕಿ.ಮೀ. ಹಿಡಿದರೆ 46 ಗಂಟೆ ಸ್ಟಿಯರಿಂಗ್ ಹಿಂದೆ. ನಾವು ಆಫೀಸಿನಲ್ಲಿ ವಾರಕ್ಕೆ 40 ಗಂಟೆ ದುಡಿದು ಸುಸ್ತು ಅಂತ ರಜೆ ಹಾಕ್ತೀವಿ, ರಜೆಯಲ್ಲಿ 46 ಗಂಟೆ ಡ್ರೈವರ್ ಕೆಲಸ ಮಾಡ್ತೀವಿ. ಸಂಬಳ ಇಲ್ಲ, ಸ್ವಿಟ್ಜರ್ಲೆಂಡಿಗೆ ನಾವೇ ಕೊಡಬೇಕು: ಅಲ್ಲಿನ ಹೆದ್ದಾರಿಗೆ ವಿನ್ಯೆಟ್ ಅಂತ ಒಂದಿದೆ, ಒಂದೇ ರಾತ್ರಿ ಉಳಿದರೂ ಇಡೀ ವರ್ಷದ 40 ಫ್ರಾಂಕ್ ಕಟ್ಟಬೇಕು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅಪ್ಪ ಅಮ್ಮ ಊರಿನಿಂದ ಬಂದಿದ್ದರು. ಅವರ ಷೆಂಗನ್ ವೀಸಾವನ್ನು ಬೆಂಗಳೂರಿನಲ್ಲೇ ಮಾಡಿಸಿಕೊಂಡು ಬಂದಿದ್ದೆವು. ಕಾರಿನಲ್ಲಿ ಐದು ಜನ. ಅಪ್ಪ ಮುಂದೆ, ಅಮ್ಮ, ಹೆಂಡತಿ, ನಾಲ್ಕು ವರ್ಷದ ಮಗಳು ಹಿಂದೆ. ಓಡಿಸೋನು ಒಬ್ಬನೇ, ನಾನು.

ನಮ್ಮೂರು ಶರಾವತಿ ಹಿನ್ನೀರಿನ ಆಚೆ ದಡ, ತುಮರಿ ಕಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ನಮಗೆ ಸಾಗರಕ್ಕೆ ಹೋಗಲು ಲಾಂಚೇ ಗತಿ. ಬಸ್ಸು, ಜೀಪು, ಬೈಕು ಎಲ್ಲವೂ ಅದರ ಮೇಲೆ. ಸಂಜೆಯ ಕೊನೇ ಲಾಂಚ್ ತಪ್ಪಿತೋ, ದಡದಲ್ಲೇ ಕೂತು ಬೆಳಗು ಮಾಡಬೇಕು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಗೋವರೆಗೂ ಹೀಗೇ. ಹಾಗಾಗಿ ಡೋವರ್‌ನಲ್ಲಿ ಫೆರ್ರಿಯ ಹೊಟ್ಟೆಯೊಳಗೆ ಲಾರಿಗಳು ಸಾಲಾಗಿ ಹೋಗೋದನ್ನು ನೋಡಿ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. 'ನಮ್ಮ ಲಾಂಚೇ ಬಿಡು, ಸ್ವಲ್ಪ ದೊಡ್ಡದು' ಅಂದರು. ಆ ಒಂದೂವರೆ ಗಂಟೆ ನಾವು ಐದೂ ಜನ ಡೆಕ್ಕಿನ ಮೇಲೆ ಕೂತು ಬಿಳಿ ಬಂಡೆಗಳು ಚಿಕ್ಕದಾಗೋದನ್ನು ನೋಡಿದೆವು. ಅಮ್ಮ ಮಗಳಿಗೆ ಚೌಡಮ್ಮನ ಕಥೆ ಹೇಳಿದರು. ಇಡೀ ಒಂಬತ್ತು ದಿನದಲ್ಲಿ ಬೆಲ್ಟ್ ಕಟ್ಟಿಕೊಳ್ಳದೆ, ಗಡಿಯಾರ ನೋಡದೆ ಎಲ್ಲರೂ ಒಟ್ಟಿಗೆ ಕೂತಿದ್ದು ಅಷ್ಟೇ ಹೊತ್ತು. ಅದೂ ಹಡಗಿನವರ ಕೃಪೆ. ನನ್ನ ಕೈಯಲ್ಲಿದ್ದಿದ್ದರೆ ಅದನ್ನೂ ಬೇಗ ಓಡಿಸಿಬಿಡ್ತಿದ್ದೆ.

ಎಂಟನೆಯ ದಿನ ಬರ್ಲಿನ್‌ನಿಂದ ಆಮ್‌ಸ್ಟರ್‌ಡ್ಯಾಮ್, 650 ಕಿ.ಮೀ. ಹಿಂದಿನ ರಾತ್ರಿ ಬರ್ಲಿನ್ ಮುಟ್ಟಿದ್ದೇ ಒಂದು ಗಂಟೆಗೆ. ಐದು ಗಂಟೆ ಮಲಗಿ ಎದ್ದು, ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ಫೋಟೊ ಮುಗಿಸಿ, ಮಧ್ಯಾಹ್ನ ಎರಡಕ್ಕೆ ಹೊರಟೆವು. ಎಲ್ಲೂ ನಿಲ್ಲಿಸಲಿಲ್ಲ. ಶೀಟಿನಲ್ಲಿ ನಿಲ್ಲೋದಕ್ಕೆ ಜಾಗ ಇರಲಿಲ್ಲ. ನಮ್ಮದು ಇಂಗ್ಲೆಂಡಿನ ಕಾರು, ಸ್ಟಿಯರಿಂಗ್ ಬಲಕ್ಕೆ. ಅಲ್ಲಿ ಓಡೋದೂ ರಸ್ತೆಯ ಬಲಕ್ಕೆ. ಮುಂದಿನ ಲಾರಿಯನ್ನು ದಾಟುವಾಗ ಎಡಪಕ್ಕ ಏನು ಬರ್ತಿದೆ ಅಂತ ಕಾಣೋದು ಪಕ್ಕದ ಸೀಟಿನವರಿಗೆ. ಹಾಗಾಗಿ ಎಂಟು ದಿನವೂ ಅಪ್ಪ ನನ್ನ ಕ್ಲೀನರ್. 'ಬರ್ತಿದೆ, ತಡಿ... ಹ್ಞಾಂ, ಹೋಗು.'

ಹ್ಯಾನೋವರ್ ದಾಟಿದ ಮೇಲೆ, ಸಂಜೆ ಆರರ ಹೊತ್ತು, ಪಡುವಣದ ಬಿಸಿಲು ನೇರ ಕಣ್ಣಿಗೆ. ಹಿಂದೆ ಮೂವರಿಗೂ ನಿದ್ದೆ. ಆಮೇಲೆ ನನಗೆ ನೆನಪಿರೋದು ಟೈರಿನ ಕೆಳಗೆ ಗರ್ರ್ ಅಂತ ಬಂದ ಸದ್ದು ಮತ್ತು ಅಪ್ಪ 'ಏಯ್!' ಅಂದಿದ್ದು. ಕಾರು ಬಲಕ್ಕೆ ಸರಿದು ರಸ್ತೆಯಂಚಿನ ಉಬ್ಬುಗೆರೆ ಹತ್ತಿತ್ತು. ಗಂಟೆಗೆ 120ರ ವೇಗದಲ್ಲಿ ಮೂರು ಸೆಕೆಂಡ್ ಅಂದರೆ ನೂರು ಮೀಟರ್. ಆ ನೂರು ಮೀಟರ್ ಕಾರು ಓಡಿಸಿದವರು ಯಾರೂ ಇರಲಿಲ್ಲ.

ಮುಂದಿನ ಪಾರ್ಕಿಂಗ್‌ಗೆ ಹೋಗಿ ನಿಲ್ಲಿಸಿದೆ. ಕೈ ನಡುಗ್ತಿತ್ತು. ಅಪ್ಪ ಬೈಯಲಿಲ್ಲ. ಕೆಳಗಿಳಿದು ಕಾರಿನ ಸುತ್ತ ಒಂದು ಸುತ್ತು ಹಾಕಿ ಬಂದು, 'ಎತ್ತಿಗಾದ್ರೂ ಮಧ್ಯಾಹ್ನ ನೊಗ ಇಳಿಸ್ತೀವಲ್ಲ ಮಾರಾಯ' ಅಂದರು. ಅಷ್ಟೇ.

ಆ ಪಾರ್ಕಿಂಗ್ ತುಂಬ ಲಾರಿಗಳು. ಡ್ರೈವರ್‌ಗಳು ಕುರ್ಚಿ ಹಾಕಿಕೊಂಡು, ಸಣ್ಣ ಒಲೆಯ ಮೇಲೆ ಏನೋ ಬೇಯಿಸಿಕೊಂಡು ಆರಾಮಾಗಿ ಕೂತಿದ್ದರು. ಯುರೋಪಿನ ಕಾನೂನಿನ ಪ್ರಕಾರ ಲಾರಿ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ವಿರಾಮ ತಗೊಳ್ಳಲೇಬೇಕು. ಸಾಮಾನ್ಯವಾಗಿ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸೋ ಹಾಗಿಲ್ಲ. ದಿನದ ವಿಶ್ರಾಂತಿ ಹನ್ನೊಂದು ಗಂಟೆ. ವಾರದಲ್ಲಿ ಕೆಲವು ದಿನ ಒಂಬತ್ತಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. ಎಲ್ಲವನ್ನೂ ಗಾಡಿಯಲ್ಲಿರೋ ಟ್ಯಾಕೋಗ್ರಾಫ್ ಅನ್ನೋ ಯಂತ್ರ ದಾಖಲಿಸುತ್ತೆ. ಟೊಮೆಟೊ ಸಾಗಿಸೋ ಮನುಷ್ಯನಿಗೆ ಇಷ್ಟು ಕಾಳಜಿ. ಹೆತ್ತವರನ್ನೂ ಮಗಳನ್ನೂ ಸಾಗಿಸೋ ನನಗೆ ಯಾವ ಕಾನೂನೂ ಇಲ್ಲ, ಒಂದು ಎಕ್ಸೆಲ್ ಶೀಟ್ ಇತ್ತು.

ಇದನ್ನು ಗುಂಪಿನಲ್ಲಿ ಯಾವತ್ತೂ ಹೇಳಿರಲಿಲ್ಲ. ಫೋಟೊ ಹಾಕಿದ್ದೆ, ಶೀಟ್ ಹಂಚಿದ್ದೆ. ನನ್ನ ತಪ್ಪು ಅದು.

ಈಗ ನಿಮ್ಮ ವಾದಕ್ಕೆ ಬರ್ತೀನಿ. ಗೆಳೆಯನೊಬ್ಬ ಫೋನ್ ಮಾಡಿ ಬೈದ: 'ನೋಡು, ವೀಸಾ ಫೀಸೇ ತಲೆಗೆ 90 ಯೂರೋ. ಪ್ರಾಜೆಕ್ಟ್ ಯಾವತ್ತು ಮುಗಿಯುತ್ತೋ, ಯಾವತ್ತು ವಾಪಸ್ ಕಳಿಸ್ತಾರೋ ಗೊತ್ತಿಲ್ಲ. ಇನ್ನೊಂದು ಸಲ ಬರ್ತೀವಿ ಅನ್ನೋ ಗ್ಯಾರಂಟಿ ಏನು? ನಿಧಾನವಾಗಿ ನೋಡೋದು, ಒಂದೇ ಊರಲ್ಲಿ ಕೂರೋದು ಶ್ರೀಮಂತರ ಚಟ. ಹಳ್ಳಿಯಿಂದ ಬಂದ ನಮಗೆ ಸಿಕ್ಕಾಗ ಬಾಚಿಕೊಳ್ಳಬೇಕು.'

ಈ ಮಾತಿನಲ್ಲಿ ಸತ್ಯ ಇದೆ, ಅದಕ್ಕೇ ಅದು ಅಪಾಯಕಾರಿ. ನಾವು ಬಾಚಿಕೊಂಡೇ ಬೆಳೆದವರು. ಸೀಟು ಬಾಚಿಕೊಂಡೆವು, ಕ್ಯಾಂಪಸ್‌ನಲ್ಲಿ ಕೆಲಸ ಬಾಚಿಕೊಂಡೆವು, ಆನ್‌ಸೈಟ್ ಬಾಚಿಕೊಂಡೆವು. ಆದರೆ ಲೆಕ್ಕ ಸರಿಯಾಗಿ ಹಾಕೋಣ. ನನ್ನ ಕಾರು ಲೀಟರಿಗೆ 15 ಕೊಡುತ್ತೆ. 3,700 ಕಿ.ಮೀ.ಗೆ ಸುಮಾರು 250 ಲೀಟರ್. ಲೀಟರಿಗೆ 1.70 ಯೂರೋ ಅಂತ ಹಿಡಿದರೆ 425 ಯೂರೋ ಬರೀ ಹೊಗೆ. ಫ್ರಾನ್ಸ್, ಇಟಲಿಯಲ್ಲಿ ಟೋಲ್. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಚೆಕ್ ಮೂರಕ್ಕೂ ಬೇರೆ ಬೇರೆ ವಿನ್ಯೆಟ್. ದಿನಾ ಹೊಸ ಹೋಟೆಲ್, ದಿನಾ ಹೊರಗಿನ ಊಟ. ಶ್ರೀಮಂತರ ಚಟ ಯಾವುದು ಹೇಳಿ?

ಬಾಚಿಕೊಂಡಿದ್ದಾದರೂ ಏನು? ಪ್ರಾಗ್ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗೋದು ಅಲ್ಲಿ ಪಾರ್ಕಿಂಗ್ ಹುಡುಕಿದ್ದು. ಅಪ್ಪನನ್ನು ಕೇಳಿದರೆ 'ಪ್ರಾಗ್ ಅಂದ್ರೆ ಯಾವ್ದು? ಮಳೆ ಬಂತಲ್ಲ, ಅದಾ?' ಅಂತಾರೆ.

ಈ ಹುಚ್ಚಿಗೆ ವೀಸಾ ಪದ್ಧತಿಯೂ ಕಾರಣ. ಇಂಗ್ಲೆಂಡಿನಲ್ಲಿ ಎಷ್ಟು ವರ್ಷ ತೆರಿಗೆ ಕಟ್ಟಿದರೂ ನಮ್ಮ ಪಾಸ್‌ಪೋರ್ಟಿಗೆ ಷೆಂಗನ್ ವೀಸಾ ಬೇಕೇ ಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ, ಬ್ಯಾಂಕ್ ಸ್ಟೇಟ್‌ಮೆಂಟ್, ಯಾವ ರಾತ್ರಿ ಎಲ್ಲಿ ಮಲಗ್ತೀರಿ ಅನ್ನೋ ಪಟ್ಟಿ, ವಾಪಸ್ ಹೋಗ್ತೀವಿ ಅನ್ನೋದಕ್ಕೆ ಪುರಾವೆ. ಪಕ್ಕದ ಟೇಬಲ್ಲಿನ ಬ್ರಿಟಿಷ್ ಸಹೋದ್ಯೋಗಿ ಶುಕ್ರವಾರ ಸಂಜೆ ಮನಸ್ಸಾದರೆ ಶನಿವಾರ ಫ್ರಾನ್ಸಿನಲ್ಲಿರ್ತಾನೆ. ಇದು ಅವಮಾನವೇ, ಸುಮ್ಮನೆ ನುಂಗಬೇಕಾಗಿಲ್ಲ. ಆದರೆ ಕೌಂಟರಿನವರಿಗೆ ತೋರಿಸಲು ಮಾಡಿದ ಪಟ್ಟಿಯನ್ನೇ ಆಮೇಲೆ ನಾವು ದೇವರ ಅಪ್ಪಣೆ ಅಂತ ಪಾಲಿಸ್ತೀವಲ್ಲ, ಆ ತಪ್ಪು ನಮ್ಮದು. ಪಟ್ಟಿಯಲ್ಲಿ ಎಂಟು ದೇಶ ಬರೆಯಿರಿ ಅಂತ ಯಾವ ರಾಯಭಾರ ಕಚೇರಿಯೂ ಹೇಳಿಲ್ಲ. ನಿಯಮ ಸರಳ: ಎಲ್ಲಿ ಹೆಚ್ಚು ದಿನ ಇರ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ಒಂದು ಕಡೆ ನಿಜವಾಗಿ ಉಳಿಯೋನಿಗೆ ಅರ್ಜಿಯೂ ಸುಲಭ.

ಬೈದು ಬಿಟ್ಟರೆ ಸಾಲದು. ಹಾಗಾಗಿ ಇದು ಈ ವರ್ಷದ ನನ್ನ ಪ್ಲಾನ್. ಹತ್ತು ಗಂಟೆಗೆ ತಿಂಡಿ ತಿಂದು ಹೊರಟು, ಮಧ್ಯಾಹ್ನದ ಫೆರ್ರಿ. ಸುರಂಗದ ರೈಲಿನಲ್ಲಿ 35 ನಿಮಿಷಕ್ಕೆ ಆಚೆ ಸೇರಬಹುದು ಅಂತ ನೀವು ಹೇಳ್ತೀರಿ. ಗೊತ್ತು. ಅಲ್ಲಿ ಕಾರೊಳಗೇ ಕೂತಿರ್ತೀರಿ. ಫೆರ್ರಿ ಡ್ರೈವರನ ಕೈಯಿಂದ ಕೀಲಿ ಕಿತ್ತುಕೊಂಡು ಒಂದೂವರೆ ಗಂಟೆ ಕೂರಿಸುತ್ತೆ. ನಮ್ಮಂಥವರಿಗೆ ಅದು ಬೇಕು.

ಕ್ಯಾಲೆಯಿಂದ ಸುಮಾರು ಒಂದು ಗಂಟೆ ದೂರ ಬೆಲ್ಜಿಯಂನ ಈಪರ್. ಎರಡು ರಾತ್ರಿ ಅಲ್ಲಿ. ದಿನಾ ರಾತ್ರಿ ಎಂಟಕ್ಕೆ ಮೆನಿನ್ ಗೇಟ್ ಕೆಳಗೆ ಕಹಳೆ ಊದುತ್ತಾರೆ. ಮೊದಲ ಮಹಾಯುದ್ಧದಲ್ಲಿ ಸತ್ತು, ಸಮಾಧಿಯೂ ಸಿಗದ 54,000ಕ್ಕೂ ಹೆಚ್ಚು ಜನರ ಹೆಸರು ಆ ಗೋಡೆಗಳ ಮೇಲಿದೆ, ಭಾರತೀಯರೂ ಇದ್ದಾರೆ. ಅಲ್ಲಿಂದ ಗಡಿ ದಾಟಿ ಸ್ವಲ್ಪ ಕೆಳಗೆ ಬಂದರೆ ಫ್ರಾನ್ಸಿನ ನವ್ ಶಾಪೆಲ್. 1915ರ ಮಾರ್ಚಿನಲ್ಲಿ ಭಾರತೀಯ ಪಡೆ ಕಾದಾಡಿದ ಊರು. ನೆತ್ತಿಯಲ್ಲಿ ಕಮಲ ಹೊತ್ತ, ಅಶೋಕಸ್ತಂಭದ ಮಾದರಿಯ ಕಂಬ ನಿಲ್ಲಿಸಿ, ಸುತ್ತ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ, ಕೂಲಿಗಳ ಹೆಸರು ಕೆತ್ತಿದ್ದಾರೆ. 1927ರಿಂದ ಹೊಲಗಳ ನಡುವೆ ನಿಂತಿದೆ. ಬಹುಪಾಲು ಹಳ್ಳಿಯ ಹುಡುಗರು, ಸಂಬಳಕ್ಕೆ ಅಂತ ಕಡಲು ದಾಟಿ ಬಂದವರು. ನಾನೂ ಸಂಬಳಕ್ಕೇ ಕಡಲು ದಾಟಿದವನು. ಕಳೆದ ಸಲ ಪ್ಯಾರಿಸ್ ತಲುಪೋ ಅವಸರದಲ್ಲಿ ಅದರ ಹತ್ತಿರದಲ್ಲೇ 130ರ ವೇಗದಲ್ಲಿ ಹಾದುಹೋಗಿದ್ದೆ, ಗೊತ್ತೇ ಇರಲಿಲ್ಲ.

ಆಮೇಲೆ ಒಂದೇ ಒಂದು ಉದ್ದದ ದಿನ, ಲಕ್ಸೆಂಬರ್ಗ್ ದಾಟಿ ಜರ್ಮನಿಯ ಟ್ರಿಯರ್ ಹತ್ತಿರ, ಮೊಸೆಲ್ ನದಿ ದಂಡೆ. ಸುಮಾರು 390 ಕಿ.ಮೀ., ನಡುವೆ ಎರಡು ಸಲ ನೊಗ ಇಳಿಸೋದು. ಈ ದಾರಿಯಲ್ಲಿ ಕಾರಿಗೆ ಟೋಲ್ ಇಲ್ಲ, ವಿನ್ಯೆಟ್ ಇಲ್ಲ. ಅಡುಗೆಮನೆ ಇರೋ ಬಾಡಿಗೆ ಮನೆಯಲ್ಲಿ ನಾಲ್ಕು ರಾತ್ರಿ. ಅಲ್ಲಿ ಕಡಿದಾದ ಗುಡ್ಡಗಳ ಮೇಲೆ ದ್ರಾಕ್ಷಿ ಬೆಳೀತಾರೆ, ಹಳಿಯ ಮೇಲೆ ಹತ್ತೋ ಪುಟ್ಟ ಗಾಡಿಯಲ್ಲಿ ಗೊನೆ ಇಳಿಸ್ತಾರೆ. ಅಡಿಕೆ ಬೆಳೆದ ಅಪ್ಪನಿಗೆ ಐಫೆಲ್ ಟವರಿಗಿಂತ ಆ ಗಾಡಿ ನೋಡೋದೇ ಹಬ್ಬ. ಹೋಗಿ ಬರೋದು ಎಲ್ಲಾ ಸೇರಿ 1,200 ಕಿ.ಮೀ., 80 ಲೀಟರ್.

ಉಳಿದ ಪಟ್ಟಿ ಚಿಕ್ಕದು. ಕಾರಿನ ಹಿಂದೆ 'ಯುಕೆ' ಸ್ಟಿಕ್ಕರ್ ಅಂಟಿಸಿ, ಹೆಡ್‌ಲೈಟಿಗೆ ಬೆಳಕು ತಿರುಗಿಸೋ ಸ್ಟಿಕ್ಕರ್ ಹಾಕಿ, ಹೊಳೆಯೋ ಜಾಕೆಟ್ಟು ಮತ್ತು ತ್ರಿಕೋನ ಇಟ್ಟುಕೊಳ್ಳಿ, ಕಾರಿನ ಲಾಗ್‌ಬುಕ್ ಮರೆಯಬೇಡಿ. ಡಿಕ್ಕಿಯಲ್ಲಿ ಮೊಸರನ್ನ, ತುಪ್ಪ ಒಯ್ಯಬೇಡಿ. ಬ್ರಿಟನ್ನಿನಿಂದ ಹಾಲಿನ ಪದಾರ್ಥ ಒಳಗೆ ಬಿಡಲ್ಲ. ತೆಂಗಿನಕಾಯಿ, ಬಾಳೆಹಣ್ಣಿಗೆ ಅಡ್ಡಿಯಿಲ್ಲ, ಕಾರಿಗೆ ಪೂಜೆ ಮಾಡೋರು ಧೈರ್ಯವಾಗಿ ಒಯ್ಯಬಹುದು.

ಆ ಹೊಸ ಹುಡುಗನಿಗೆ ಈ ಹೊಸ ಶೀಟ್ ಕಳಿಸಿದ್ದೀನಿ. 'ಅಣ್ಣಾ, ಇದ್ರಲ್ಲಿ ಸ್ವಿಟ್ಜರ್ಲೆಂಡೇ ಇಲ್ವಲ್ಲ' ಅಂತ ಬೇಜಾರು ಮಾಡ್ಕೊಂಡ. ಅದಕ್ಕೇ ಬೇರೆ ಒಂದು ವಾರ ಇಡು ತಮ್ಮಾ, ಅಲ್ಲೇ ಇದ್ದು ನೋಡು ಅಂದೆ. ಮೊನ್ನೆ ಭಾನುವಾರ ಅಪ್ಪನಿಗೂ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, 'ಈ ಸಲ ಎಷ್ಟು ದೇಶ?' ಅಂದರು.

'ನಾಲ್ಕು.'

ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದ್ರಲ್ಲಿ ಎರಡು ಕಡಿಮೆ ಮಾಡಕ್ಕಾಗಲ್ವಾ?' ಅಂದರು.