ಕೂಸು ಅತ್ತದ್ದಕ್ಕೆ ಕ್ಷಮೆಯ ಚೀಟಿ ಏಕೆ?

ಮಧುಗಿರಿ ಕಡೆ ಚೊಚ್ಚಲ ಬಾಣಂತನ ಅಂದರೆ ತವರು. ಸೀಮಂತ ಮುಗಿಸಿ ಮಗಳನ್ನು ಕರೆತರುವುದು, ಹೆರಿಗೆಯಾಗಿ ಮೂರೋ ಐದೋ ತಿಂಗಳು ತುಂಬಿದ ಮೇಲೆ ತೊಟ್ಟಿಲು, ಕುಲಾವಿ, ಬೆಳ್ಳಿ ಉಡಿದಾರದ ಸಮೇತ ಗಂಡನ ಮನೆಗೆ ಕಳಿಸಿಕೊಡುವುದು. ಆ ಗಂಡನ ಮನೆ ಕೊರಟಗೆರೆಯಲ್ಲಿರಲಿ, ಶಿರಾದಲ್ಲಿರಲಿ, ಒಂದು ಬಸ್ಸಿನ ದಾರಿ. ಈಗ ಅದು ಡಲ್ಲಾಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುತ್ತದೆ. ಹಾಗಾಗಿ ಕೆಲವು ಮನೆಗಳಲ್ಲಿ ತವರೇ ಮಗಳಿದ್ದಲ್ಲಿಗೆ ಹೊರಡುತ್ತದೆ. ಅಮ್ಮ ಆರು ತಿಂಗಳ ವಿಸಿಟರ್ ವೀಸಾದಲ್ಲಿ ಬಾಣಂತಿ ಖಾರದ ಪುಡಿ ಕಟ್ಟಿಕೊಂಡು ಹೋಗಿ, ಕೂಸಿಗೆ ಎಣ್ಣೆ ನೀರು ಹಾಕಿ, ವಾಪಸು ಬರುವಾಗ ಮಗಳನ್ನೂ ಮೊಮ್ಮಗುವನ್ನೂ ಕರೆತರುತ್ತಾಳೆ. ಇನ್ನು ಕೆಲವು ಮನೆಗಳಲ್ಲಿ ಮಗಳೇ ಬಂದು ಇಲ್ಲಿ ಹೆತ್ತು, ಗಂಡನ ರಜೆ ಮುಗಿದು ಅವನು ಮೊದಲೇ ಹೋಗಿರುತ್ತಾನಾಗಿ, ಒಬ್ಬಳೇ ಕೂಸನ್ನು ಎತ್ತಿಕೊಂಡು ಹೊರಡುತ್ತಾಳೆ. ಹೇಗೇ ಆದರೂ, ಕತ್ತು ಇನ್ನೂ ಸರಿಯಾಗಿ ನಿಲ್ಲದ ಕೂಸು ಇಪ್ಪತ್ತು ಚಿಲ್ಲರೆ ಗಂಟೆ ಪ್ರಯಾಣ ಮಾಡಬೇಕು.

ಹೊರಡುವ ಮುಂಚೆ ಬಂದವರೆಲ್ಲ ಆ ಹುಡುಗಿಯನ್ನು ಕೇಳುವುದು ಒಂದೇ ಪ್ರಶ್ನೆ: "ಪ್ಲೇನಲ್ಲಿ ಕೂಸು ಅತ್ರೆ ಏನ್ ಮಾಡ್ತೀಯವ್ವಾ?" ಕೇಳುವವರ ದನಿಯಲ್ಲಿ ಕನಿಕರ ಇರುತ್ತದೆ, ನಿಜ. ಅವಳ ಎದೆಯಲ್ಲಿ ಮಾತ್ರ ಅದು ಅಳುಕಾಗಿ ಕೂರುತ್ತದೆ. ಕೂಸಿನ ಅಳು ತನ್ನ ಅಪರಾಧ ಎಂಬ ಅಳುಕು. ಇವತ್ತು ನನ್ನ ತಕರಾರು ಅದರ ಮೇಲೆ.

ಅದಕ್ಕೂ ಮೊದಲು ಕಾಗದದ ಮಾತು, ಏಕೆಂದರೆ ಪ್ರಯಾಣ ಶುರುವಾಗುವುದೇ ಅಲ್ಲಿಂದ. ಇಲ್ಲಿ ಹುಟ್ಟಿದ ಕೂಸಿಗೆ ಅದರದ್ದೇ ಪಾಸ್‌ಪೋರ್ಟ್ ಬೇಕು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಬಿಟ್ಟು ಬೇರೆ ಯಾವುದೂ ಹುಟ್ಟಿದ ದಿನಕ್ಕೆ ಸಾಕ್ಷಿಯಾಗುವುದಿಲ್ಲ. ಜನನ ನೋಂದಣಿಗೆ 21 ದಿನದ ಗಡುವು. ಹೆಸರಿಲ್ಲದೆಯೂ ನೋಂದಾಯಿಸಿ ಆಮೇಲೆ ಸೇರಿಸಬಹುದು. ಆದರೆ ಹೆಸರಿಲ್ಲದ ಕೂಸಿಗೆ ಪಾಸ್‌ಪೋರ್ಟ್ ಕೊಡುವವರಿಲ್ಲ. ಹೀಗಾಗಿ ಮನೆದೇವರ ಮುಂದೆ ಹೂವಿನ ಪ್ರಸಾದ ಕೇಳಿ, ಸೋದರತ್ತೆ ಕಿವಿಯಲ್ಲಿ ಹೆಸರು ಉಸುರುವ ಮೊದಲೇ ಆಸ್ಪತ್ರೆಯ ಕೌಂಟರಿನಲ್ಲಿ ನಾಮಕರಣ ಮುಗಿದಿರುತ್ತದೆ. ಫೋಟೊದ್ದು ಇನ್ನೊಂದು ರಗಳೆ. ಬಿಳಿ ಹಿನ್ನೆಲೆ ಇರಬೇಕು, ಕಣ್ಣು ತೆರೆದಿರಬೇಕು, ಹಿಡಿದವರ ಕೈ ಕಾಣಬಾರದು. ಇಪ್ಪತ್ತು ದಿನದ ಕೂಸಿಗೆ ಕಣ್ಣು ಮುಚ್ಚಿ ಮಲಗುವುದೇ ಕಸುಬು. ಅದು ಕಣ್ಣು ಬಿಟ್ಟ ಗಳಿಗೆಯಲ್ಲಿ ಕೆನ್ನೆಯ ದೃಷ್ಟಿಬೊಟ್ಟು ಒರೆಸಲು ಅಜ್ಜಿಯೂ ಒಪ್ಪಬೇಕು.

ಅಮೆರಿಕದಲ್ಲಿ ಹುಟ್ಟಿದ ಕೂಸಿನ ಕತೆ ಇನ್ನೂ ಸೊಗಸು. ಅದು ಆ ದೇಶದ ಪ್ರಜೆ, ಹಡೆದವರು ಈ ದೇಶದವರು. ಅಜ್ಜಿಮನೆಗೆ ಬರಬೇಕೆಂದರೆ ಕೂಸಿಗೆ ಭಾರತದ ವೀಸಾ ಬೇಕು, ಇಲ್ಲವೇ ಓಸಿಐ ಕಾರ್ಡ್ ಬೇಕು. ವಾಪಸು ಹೋಗುವಾಗ ತಿರುವುಮುರುವು. ಕೂಸಿಗೆ ಯಾರ ತಡೆಯೂ ಇಲ್ಲ, ವೀಸಾದ ಚಿಂತೆ ಅಪ್ಪ-ಅಮ್ಮನಿಗೆ. 2025ರ ಸೆಪ್ಟೆಂಬರ್ 2ರಿಂದ ಅಮೆರಿಕ ಸರ್ಕಾರ ವೀಸಾ ಸಂದರ್ಶನದ ವಿನಾಯಿತಿಗಳನ್ನು ಬಹುಮಟ್ಟಿಗೆ ತೆಗೆದುಹಾಕಿದ ಮೇಲೆ 14 ವರ್ಷದೊಳಗಿನ ಮಕ್ಕಳೂ ಸಾಮಾನ್ಯವಾಗಿ ಖುದ್ದು ಹಾಜರಾಗಬೇಕು. ಇಲ್ಲಿ ಹುಟ್ಟಿ ಅಪ್ಪನ ಹತ್ತಿರ ಹೋಗಬೇಕಾದ ಕೂಸು ಕಾನ್ಸಲೇಟ್ ಕಿಟಕಿಯ ಮುಂದೆ ತಾಯಿಯ ಹೆಗಲ ಮೇಲೆ ನಿದ್ದೆ ಹೊಡೆಯುತ್ತಲೇ ಸಂದರ್ಶನ ಕೊಡುತ್ತದೆ.

ಇಷ್ಟೆಲ್ಲ ಆದ ಮೇಲೆ ದೇವನಹಳ್ಳಿಯ ದಾರಿ. ಶಿರಾದವರು ಹೆದ್ದಾರಿ 48 ಹಿಡಿದು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗುತ್ತಾರೆ. ಬೆಂಗಳೂರಿನ ಹೊಗೆ ಕುಡಿಯಬೇಕಾಗಿಲ್ಲ. ಮಧುಗಿರಿಯವರಿಗೆ ಗೌರಿಬಿದನೂರು ದಾರಿಯಿದೆ. ಪಾವಗಡದವರು ಪೆನುಕೊಂಡಕ್ಕೋ ಹಿಂದೂಪುರಕ್ಕೋ ಹೋಗಿ, ಆಂಧ್ರದ ನೆಲ ದಾಟಿ, ತಮ್ಮದೇ ರಾಜ್ಯದ ವಿಮಾನ ನಿಲ್ದಾಣ ಸೇರಬಹುದು. ಕಳಿಸಿಕೊಡಲು ಒಂದು ಟೆಂಪೊ ತುಂಬಾ ಜನ. ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ ಎಂದು ಎರಡನೇ ಟರ್ಮಿನಲ್ಲಿನ ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ತಡೆದಾಗ, ಅಲ್ಲಿಯವರೆಗೆ ಎಂಟು ಕೈಗಳಲ್ಲಿ ಓಡಾಡುತ್ತಿದ್ದ ಕೂಸು ಒಮ್ಮೆಲೇ ಎರಡು ಕೈಗೆ ಇಳಿಯುತ್ತದೆ. ಆ ಎರಡು ಕೈಯಲ್ಲೇ ಪಾಸ್‌ಪೋರ್ಟೂ ಇರಬೇಕು, ಡಯಾಪರ್ ಚೀಲವೂ ಇರಬೇಕು. ಭದ್ರತಾ ತಪಾಸಣೆಯಲ್ಲಿ ಕೂಸಿನ ಹಾಲಿಗೆ, ಆಹಾರಕ್ಕೆ ನೂರು ಮಿಲಿಲೀಟರಿನ ಮಿತಿ ಇಲ್ಲ ಎಂಬುದು ಗೊತ್ತಿರಲಿ. ಅಮೆರಿಕದ ಕಡೆ ಹೋಗುವವರು ರಾಗಿ ಸರಿ ಹಿಟ್ಟನ್ನು ಮಾತ್ರ ದೊಡ್ಡ ಪೆಟ್ಟಿಗೆಗೆ ಹಾಕುವುದು ಮೇಲು. 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ 2018ರಿಂದ ಅದಕ್ಕೆ ಪ್ರತ್ಯೇಕ ತಪಾಸಣೆ.

ಕೂಸು ಅಳುವುದು ಏಕೆ? ಹಟಕ್ಕಲ್ಲ. ವಿಮಾನ ಮೂವತ್ತೈದು ಸಾವಿರ ಅಡಿಯಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ್ದಾಗಿರುತ್ತದೆ. ಮಧುಗಿರಿ ಏಕಶಿಲಾ ಬೆಟ್ಟದ ನೆತ್ತಿ 3,930 ಅಡಿ; ಸುಮಾರು ಅದರ ಎರಡರಷ್ಟು ಎತ್ತರ ಅಂದುಕೊಳ್ಳಿ. ವಿಮಾನ ಇಳಿಯತೊಡಗಿದಾಗ ಒತ್ತಡ ಏರುತ್ತದೆ. ಕಿವಿಗೂ ಗಂಟಲ ಹಿಂಬದಿಗೂ ನಡುವೆ ಇರುವ ನಳಿಕೆ ತೆರೆದುಕೊಂಡರೆ ಒಳಗೂ ಹೊರಗೂ ಒತ್ತಡ ಸಮವಾಗುತ್ತದೆ. ನಾವು ಆಕಳಿಸುತ್ತೇವೆ, ಉಗುಳು ನುಂಗುತ್ತೇವೆ. ಕೂಸಿನ ನಳಿಕೆ ಕಿರಿದು, ಅದಕ್ಕೆ ಉಪಾಯವೂ ತಿಳಿಯದು. ನುಂಗಿಸುವುದೊಂದೇ ದಾರಿ. ಅಂದರೆ ಹಾಲು ಕುಡಿಸುವುದು. ತಾಯಂದಿರು ವಿಮಾನ ಏರುವಾಗಲೇ ಹೊಟ್ಟೆ ತುಂಬ ಕುಡಿಸಿಬಿಡುತ್ತಾರೆ. ಹೆಚ್ಚು ನೋಯುವುದು ಇಳಿಯುವಾಗ, ಆಗ ಕೂಸಿಗೆ ಹಸಿವೇ ಇರುವುದಿಲ್ಲ. ಇಳಿತ ಶುರುವಾಗುವುದು ನೆಲ ಮುಟ್ಟುವ ಅರ್ಧ ಗಂಟೆ ಮೊದಲು. ಒಂದು ಸರದಿಯ ಹಾಲನ್ನು ಆ ಹೊತ್ತಿಗೆ ಉಳಿಸಿಟ್ಟುಕೊಂಡರೆ ಅರ್ಧ ಗೋಳು ತಪ್ಪುತ್ತದೆ. ದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸುವವರಿಗೆ ಇಳಿತ ಎರಡು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಏರ್ ಇಂಡಿಯಾದ ವಿಮಾನವನ್ನು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾರಿಸಿ ಬೆಂಗಳೂರಿಗೆ ನೇರವಾಗಿ ತಂದರಲ್ಲ, ಅಂಥ ಪ್ರಯಾಣದಲ್ಲಿ ಕಿವಿನೋವು ಒಂದೇ ಸಲ. ಆದರೆ ಸುಮಾರು ಹದಿನೇಳು ಗಂಟೆ ಕಾಲು ಆಡಿಸಲು ಜಾಗವಿಲ್ಲ. ಯಾವುದು ವಾಸಿ ಎಂದು ತಾಯಿಯೇ ತೀರ್ಮಾನಿಸಲಿ.

ಹಾಗಂತ ನಿದ್ದೆ ಬರಿಸಲು ಶೀತದ ಸಿರಪ್ಪು ಕುಡಿಸುವ ಸಲಹೆಗೆ ಕಿವಿಗೊಡಬೇಡಿ. ಹಸುಗೂಸಿನ ಉಸಿರಾಟದ ಜೊತೆ ಆಡುವ ಆಟ ಅದು. ಎಷ್ಟು ದಿನದ ಕೂಸನ್ನು ಕರೆದೊಯ್ಯಬಹುದು ಎಂಬುದಕ್ಕೆ ವಿಮಾನ ಕಂಪನಿಗಳ ಉತ್ತರ ಒಂದೊಂದು ಥರ. ಒಂದು ವಾರ ತುಂಬಿದರೆ ಸಾಕು ಎನ್ನುವವರಿದ್ದಾರೆ, ಎರಡು ವಾರದೊಳಗಾದರೆ ವೈದ್ಯರ ಪತ್ರ ಕೇಳುವವರಿದ್ದಾರೆ. ಕಂಪನಿ ಬಿಟ್ಟಿತೆಂದು ಹೊರಡುವುದು ಬೇರೆ, ಹೊರಡಬೇಕೇ ಎಂದು ಯೋಚಿಸುವುದು ಬೇರೆ. ಮೊದಲ ಎರಡು ತಿಂಗಳಲ್ಲಿ ಕೂಸಿಗೆ ಜ್ವರ ಬಂದರೆ ಮಕ್ಕಳ ವೈದ್ಯರು ಅದನ್ನು ತುರ್ತು ಎಂದೇ ನೋಡುತ್ತಾರೆ. ಅಟ್ಲಾಂಟಿಕ್ ನಡುವೆ ಆ ತುರ್ತಿಗೆ ಆಸ್ಪತ್ರೆ ಇಲ್ಲ. ಅಮೆರಿಕದಿಂದ ಬರುವ ಆರರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ದಡಾರದ ಲಸಿಕೆಯನ್ನು ಒಂದು ಡೋಸು ಮುಂಚಿತವಾಗಿ ಹಾಕಿಸಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ಸತ್ಯನಾರಾಯಣ ಪೂಜೆಗೆ ಮುಹೂರ್ತ ನೋಡುವ ಅಜ್ಜ ಈ ಲಸಿಕೆಯ ತಾರೀಕನ್ನೂ ಒಮ್ಮೆ ನೋಡಲಿ. ಪಾವಗಡದ ಕಡೆ ಬರುವವರಿಗೆ ಇನ್ನೊಂದು ಮಾತು. ಅಲ್ಲಿಯ ಕೊಳವೆಬಾವಿಗಳ ಫ್ಲೋರೈಡ್ ಲೋಕಕ್ಕೇ ಗೊತ್ತು, ಬಾಟಲಿ ಹಾಲು ಕಲಸುವ ನೀರು ಶುದ್ಧ ಘಟಕದ್ದೇ ಇರಲಿ.

ಎರಡು ವರ್ಷದೊಳಗಿನ ಮಗುವಿಗೆ ವಿಮಾನದಲ್ಲಿ ಸೀಟು ಕಡ್ಡಾಯವಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ದೊಡ್ಡವರ ದರದ ಸುಮಾರು ಶೇ 10ರಷ್ಟು ಕಟ್ಟಿಸಿಕೊಂಡು ತಾಯಿಯ ಮಡಿಲನ್ನೇ ತೋರಿಸುತ್ತಾರೆ. ನಮ್ಮ ಕೆಎಸ್‌ಆರ್‌ಟಿಸಿ ಆರು ವರ್ಷದವರೆಗೆ ಕಾಸೇ ಕೇಳುವುದಿಲ್ಲ ಎಂಬುದು ಹಾಗಿರಲಿ, ಆ ಮಡಿಲು ಎಷ್ಟು ಭದ್ರ? 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ಅಪ್ಪಳಿಸುವ ಮುನ್ನ, ಮಡಿಲ ಕೂಸುಗಳನ್ನು ನೆಲದ ಮೇಲೆ ಇಟ್ಟು ಹಿಡಿದುಕೊಳ್ಳಿ ಎಂದು ಅಂದಿನ ನಿಯಮದಂತೆ ಹೇಳಬೇಕಾಯಿತು. ಅವುಗಳಲ್ಲೊಂದು ಉಳಿಯಲಿಲ್ಲ. ಹಾಗೆ ಹೇಳಿದ ಗಗನಸಖಿ ಜ್ಯಾನ್ ಬ್ರೌನ್ ಬದುಕಿ ಬಂದು, ಪ್ರತಿ ಕೂಸಿಗೂ ಪಟ್ಟಿಯಿರುವ ಪ್ರತ್ಯೇಕ ಸೀಟು ಬೇಕೆಂದು ದಶಕಗಟ್ಟಲೆ ಹೋರಾಡಿದರು. ಸೀಟು ಕಡ್ಡಾಯ ಮಾಡಿದರೆ ಟಿಕೆಟ್ಟಿನ ಖರ್ಚಿಗೆ ಹೆದರಿ ಜನ ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಸಾವು ಹೆಚ್ಚುತ್ತದೆ ಎಂಬುದು ಅಲ್ಲಿನ ಸರ್ಕಾರದ ಲೆಕ್ಕ. ಡಲ್ಲಾಸ್‌ನಿಂದ ಪಾವಗಡಕ್ಕೆ ಕಾರಿನಲ್ಲಿ ಬರುವವರು ಯಾರೂ ಇಲ್ಲವಾದ್ದರಿಂದ ನಮಗೆ ಆ ಲೆಕ್ಕ ಹೊಂದುವುದಿಲ್ಲ. ಇನ್ನು ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು. ಅಂಥ ಜಾಗ ಬೆರಳೆಣಿಕೆಯಷ್ಟು, ಹತ್ತು ಹನ್ನೊಂದು ಕಿಲೊವರೆಗಿನ ಕೂಸಿಗೆ ಮಾತ್ರ. ಗಾಳಿ ಜೋರಾಗಿ ಬೆಲ್ಟಿನ ದೀಪ ಹತ್ತಿತೋ, ನಿದ್ದೆ ಹೋದ ಕೂಸನ್ನು ಎತ್ತಿ ಮತ್ತೆ ಮಡಿಲಿಗೆ ಹಾಕಿಕೊಳ್ಳಬೇಕು. ಎಬ್ಬಿಸಿದ ಕೂಸು ಅಳುತ್ತದೆ. ಆಗ ಸುತ್ತಲಿನವರು ನೋಡುವುದು ದೀಪವನ್ನಲ್ಲ, ತಾಯಿಯನ್ನು.

2019ರಲ್ಲಿ ಸೋಲ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ನಾಲ್ಕು ತಿಂಗಳ ಕೂಸಿನೊಂದಿಗೆ ಹೊರಟ ಕೊರಿಯಾದ ತಾಯಿಯೊಬ್ಬಳು ಇನ್ನೂರಕ್ಕೂ ಹೆಚ್ಚು ಸಹಪ್ರಯಾಣಿಕರಿಗೆ ಸಣ್ಣ ಸಣ್ಣ ಪೊಟ್ಟಣ ಹಂಚಿದಳು. ಒಳಗೆ ಮಿಠಾಯಿ, ಕಿವಿಗೆ ಇಟ್ಟುಕೊಳ್ಳುವ ಬಿರಡೆ, ಕೂಸೇ ಬರೆದಂತೆ ಮುಂಗಡ ಕ್ಷಮೆಯ ಚೀಟಿ. ಲೋಕವೆಲ್ಲ ಎಷ್ಟು ಚೆಂದ ಎಂದು ಹೊಗಳಿತು. ನನಗೆ ಅದನ್ನು ಓದಿ ಸಂಕಟವಾಯಿತು. ಹಸಿ ಬಾಣಂತಿ ನಿದ್ದೆಗೆಟ್ಟು ಕೂತು ಇನ್ನೂರು ಪೊಟ್ಟಣ ಕಟ್ಟಬೇಕಾದರೆ ಅವಳನ್ನು ಎಷ್ಟು ಹೆದರಿಸಿರಬೇಕು! ಆ ಹೆದರಿಕೆಯ ಸುತ್ತ ವ್ಯಾಪಾರವೂ ಬೆಳೆದಿದೆ. 2016ರಲ್ಲಿ ಇಂಡಿಗೊ ಕೆಲವು ಸಾಲುಗಳನ್ನು 12 ವರ್ಷದೊಳಗಿನವರಿಗೆ ಕೊಡದ ನಿಶ್ಶಬ್ದ ವಲಯ ಮಾಡಿತು. ಎರಡು ವರ್ಷದೊಳಗಿನ ಮಕ್ಕಳು ಎಲ್ಲಿ ಕೂರುತ್ತಾರೆಂದು ಸೀಟು ಆರಿಸುವಾಗಲೇ ಜಪಾನ್ ಏರ್‌ಲೈನ್ಸ್ ಚಿತ್ರ ಹಾಕಿ ತೋರಿಸುತ್ತದೆ. ದುಡ್ಡು ಕೊಟ್ಟು ಮೌನ ಕೊಳ್ಳುವವರು ಕೊಳ್ಳಲಿ, ನನ್ನ ಅಭ್ಯಂತರವಿಲ್ಲ. ಮುಂಗಡ ದುಡ್ಡು ಕಟ್ಟಿ ತೊಟ್ಟಿಲ ಜಾಗ ಕೇಳಿದವಳಿಗೆ ಮಾತ್ರ "ಬಾಗಿಲ ಹತ್ತಿರ ನೋಡೋಣ" ಎಂಬ ಉತ್ತರ ಸಿಗುತ್ತದಲ್ಲ, ಅದು ಹೊಟ್ಟೆ ಉರಿಸುತ್ತದೆ.

ಪಾವಗಡದಿಂದ ಮಿಡಿಗೇಶಿ, ಮಧುಗಿರಿ, ಕೊರಟಗೆರೆ ಮೇಲೆ ಬರುವ ಬಸ್ಸಿನಲ್ಲಿ ಕೂಸು ಅತ್ತರೆ ಏನಾಗುತ್ತದೆ, ಅಲ್ಲಿ ಓಡಾಡಿದವರಿಗೆಲ್ಲ ಗೊತ್ತು. "ಹಸ್ಕಂಡೈತೆ ಕಣವ್ವ, ಹಾಲು ಕೊಡು" ಎಂದು ಹಿಂದಿನ ಸೀಟು. "ಸೆಕೆಗೆ ಕಣಮ್ಮ, ಆ ಕುಲಾವಿ ಬಿಚ್ಚು" ಎಂದು ಮುಂದಿನ ಸೀಟು. ಅಷ್ಟರಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು, "ಇಲ್ಲಿ ಕೊಡು ನನ್ ಕೈಗೆ, ನೀನು ವಸಿ ಕಣ್ ಮುಚ್ಕೊ" ಎಂದು ಎತ್ತಿಕೊಂಡಾಗಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ಅಂಥ ಕೈಗಳು ಇನ್ನೂ ಹೆಚ್ಚಾಗಿವೆ. ಕಂಡಕ್ಟರು ರೇಗುವುದು ಚಿಲ್ಲರೆಗೆ, ಅಳುವಿಗಲ್ಲ. ಅಲ್ಲಿ ಯಾವ ತಾಯಿಯೂ ಕ್ಷಮೆ ಕೇಳಿದ್ದನ್ನು ನಾನು ಕಂಡಿಲ್ಲ.

ಇಷ್ಟು ಹೊಗಳಿ ನಮ್ಮ ಸೀಮೆಯ ಬೆನ್ನು ತಟ್ಟಿಕೊಳ್ಳುವ ಹಾಗೂ ಇಲ್ಲ. ಇದೇ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕವೆಂದು ಹಸಿ ಬಾಣಂತಿಯನ್ನೂ ಕೂಸನ್ನೂ ಊರಾಚೆ ಗುಡಿಸಲಲ್ಲಿ ಇಡುವ ರೂಢಿ ಪೂರ್ತಿ ಹೋಗಿಲ್ಲ. 2023ರ ಜುಲೈ ಮಳೆಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಅಂಥದ್ದೊಂದು ಗುಡಿಸಲಿನ ಹಸುಗೂಸು ಶೀತಕ್ಕೆ ತೀರಿಕೊಂಡಿತು. ತಾಯಿ ಮಗುವನ್ನು ದೂರ ಇಡಲು ಅಲ್ಲಿ ದೇವರ ಹೆಸರು, ವಿಮಾನದಲ್ಲಿ ನೆಮ್ಮದಿಯ ಹೆಸರು. ಬಸ್ಸಿನ ಹೆಂಗಸರು ತೋರುವ ಸಲಿಗೆಯಲ್ಲೂ ಊನವಿದೆ. ಕೈ ತೊಳೆಯದೆ ಎತ್ತಿಕೊಳ್ಳುತ್ತಾರೆ, ಕೆಮ್ಮುತ್ತಲೇ ಮುದ್ದು ಮಾಡುತ್ತಾರೆ. ಅಷ್ಟು ದೂರದಿಂದ ಬಂದ ಕೂಸನ್ನು ಮೊದಲ ವಾರ ನೆಂಟರ ಕೈಗೆಲ್ಲ ಕೊಡಲಾರೆ ಎಂದು ಮಗಳು ಅಂದರೆ ಅದನ್ನು ಅಮೆರಿಕದ ಬಿಂಕ ಎನ್ನಬೇಡಿ.

ಒಬ್ಬಳೇ ಕೂಸಿನೊಂದಿಗೆ ಹೋಗುವ ತಾಯಿಗೆ ನಡುದಾರಿಯಲ್ಲಿ ಎಲ್ಲಕ್ಕಿಂತ ಕಷ್ಟವಾಗುವುದು ಅಳು ಅಲ್ಲ, ಶೌಚಾಲಯ. ತೊಟ್ಟಿಲು ಸಿಗದಿದ್ದರೆ ಕೂಸನ್ನು ಇಡಲು ಜಾಗವಿಲ್ಲ. ಸಿಬ್ಬಂದಿ ಊಟದ ಗಾಡಿ ತಳ್ಳುತ್ತಿರುತ್ತಾರೆ. ಹಾಲೂಡುವ ಹೆಂಗಸು ಚೆನ್ನಾಗಿ ನೀರು ಕುಡಿಯಬೇಕು, ವಿಮಾನದ ಒಣಗಾಳಿಯಲ್ಲಂತೂ ಇನ್ನೂ ಹೆಚ್ಚು. ಎದ್ದು ಹೋಗಲಾಗದೆಂದು ಅವಳು ಕುಡಿಯುವುದನ್ನೇ ನಿಲ್ಲಿಸುತ್ತಾಳೆ. ಮಡಿಲಿಗೆ ದುಡ್ಡು ಕಟ್ಟಿಸಿಕೊಂಡ ಕಂಪನಿ ಎರಡು ಗಂಟೆಗೊಮ್ಮೆ ಒಬ್ಬ ಸಿಬ್ಬಂದಿಯನ್ನು ಅವಳ ಸೀಟಿನ ಹತ್ತಿರ ಕಳಿಸಿ ಐದು ನಿಮಿಷ ಕೂಸನ್ನು ಹಿಡಿಸುವುದು ದೊಡ್ಡ ಸಂಗತಿಯೇನಲ್ಲ. ಅಲ್ಲಿಯವರೆಗೆ, ಪಕ್ಕದ ಸೀಟಿನಲ್ಲಿ ಕೂತವರು ನೀವಾದರೆ, ಕಿವಿಯ ಬಿರಡೆ ತೆಗೆದು, ಕೈ ಒರೆಸಿಕೊಂಡು, "ಎತ್ಕೊಳ್ಲಾ? ನೀವು ಹೋಗ್ಬನ್ನಿ" ಎಂದು ಕೇಳಿ. ಬೇಡ ಎಂದರೆ ಬೇಸರಿಸಿಕೊಳ್ಳಬೇಡಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕೇಳಿ.