ಬಿತ್ತುವಟ್ಟವಿಲ್ಲದ ದಾನ

ನಮ್ಮ ಹಳೆಯ ಶಾಸನಗಳನ್ನು ಓದುವವರಿಗೆ ‘ಬಿತ್ತುವಟ್ಟ’ ಎಂಬ ಮಾತು ಹೊಸದಲ್ಲ. ಪುಣ್ಯವಂತನೊಬ್ಬನು ಊರಿಗೆ ಕೆರೆಯನ್ನು ಕಟ್ಟಿಸುತ್ತಾನೆ. ಆ ಕೆರೆಯ ಹೂಳೆತ್ತಲು, ಏರಿಯನ್ನು ಭದ್ರಪಡಿಸಲು, ತೂಬನ್ನು ನೋಡಿಕೊಳ್ಳಲು ಅದೇ ಕೆರೆಯ ಕೆಳಗಣ ಗದ್ದೆಯಲ್ಲಿ ಒಂದಷ್ಟು ಭೂಮಿಯನ್ನು ಬಿಟ್ಟುಕೊಡಲಾಗುತ್ತದೆ. ಅದೇ ಬಿತ್ತುವಟ್ಟ. ಕೆರೆಯನ್ನು ಕಟ್ಟಿಸುವುದು ಎಷ್ಟು ದೊಡ್ಡ ಕಾರ್ಯವೋ, ಅದನ್ನು ಕಾಯುವವನ ಹೊಟ್ಟೆಗೆ ದಾರಿ ಮಾಡುವುದೂ ಅಷ್ಟೇ ದೊಡ್ಡದೆಂಬುದನ್ನು ಆ ಕಾಲದವರು ಅರಿತಿದ್ದರು. ಇಂದಿನ ದೊಡ್ಡ ದೊಡ್ಡ ದಾನಗಳ ಲೆಕ್ಕವನ್ನು ಪತ್ರಿಕೆಗಳಲ್ಲಿ ಕಂಡಾಗಲೆಲ್ಲ ಈ ಮಾತು ನನ್ನ ನೆನಪಿಗೆ ಬರುತ್ತದೆ.

2013ರ ಕಂಪನಿ ಕಾಯಿದೆಯ 135ನೆಯ ಕಲಮು ಒಂದು ಹೊಸ ಪರಿಪಾಟಿಯನ್ನು ತಂದಿತು. ಐನೂರು ಕೋಟಿ ರೂಪಾಯಿಯ ನಿವ್ವಳ ಸಂಪತ್ತಾಗಲಿ, ಸಾವಿರ ಕೋಟಿಯ ವಹಿವಾಟಾಗಲಿ, ಐದು ಕೋಟಿಯ ನಿವ್ವಳ ಲಾಭವಾಗಲಿ ಉಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸತಕ್ಕದ್ದು. 2014ರ ಏಪ್ರಿಲಿನಿಂದ ಇದು ಜಾರಿಗೆ ಬಂದಿತು. 2022-23ರ ಒಂದೇ ವರ್ಷದಲ್ಲಿ ಹೀಗೆ ವ್ಯಯವಾದ ಹಣ ಸುಮಾರು 30 ಸಾವಿರ ಕೋಟಿ ರೂಪಾಯಿ. ಕಾನೂನು ಕೈಹಿಡಿದು ಕೊಡಿಸಿದ್ದನ್ನು ದಾನವೆನ್ನಬಹುದೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟವೇ. ಕಾಯಿದೆ ಅದನ್ನು ಹೊಣೆಗಾರಿಕೆಯೆಂದು ಕರೆದಿದೆ. ಗೋಡೆಯ ಮೇಲಣ ಹೆಸರುಗಲ್ಲುಗಳು ಮಾತ್ರ ಅದನ್ನು ದಾನವೆಂದೇ ಸಾರುತ್ತವೆ.

ಈ ಹಣದ ಗತಿಯನ್ನು ತಿಳಿಯಲು ಶಾಲೆಗಳ ಶೌಚಾಲಯದ ಕಥೆಯೊಂದೇ ಸಾಕು. ಒಂದು ವರ್ಷದೊಳಗೆ ಎಲ್ಲ ಶಾಲೆಗಳಲ್ಲಿಯೂ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯವಾಗಬೇಕೆಂದು ಪ್ರಧಾನಿಗಳು 2014ರ ಆಗಸ್ಟ್ 15ರಂದು ಘೋಷಿಸಿದರು. ಕೇಂದ್ರ ಸರ್ಕಾರದ ಉದ್ಯಮಗಳು ಮುಂದೆ ಬಂದು ಎರಡು ಸಾವಿರ ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಶೌಚಾಲಯಗಳನ್ನು ಕಟ್ಟಿಸಿದುವು. ಉದ್ದೇಶ ಘನವಾದುದೇ. ಆದರೆ ಮಹಾಲೇಖಪಾಲರ ಕಡೆಯವರು ಹದಿನೈದು ರಾಜ್ಯಗಳಲ್ಲಿ 2,695 ಶೌಚಾಲಯಗಳನ್ನು ಕಣ್ಣಾರೆ ನೋಡಿ ಸಿದ್ಧಪಡಿಸಿದ ವರದಿ 2020ರಲ್ಲಿ ಸಂಸತ್ತಿನ ಮುಂದೆ ಬಂದಾಗ ಕಂಡುದೇನು? ಕೆಲವು ಕಟ್ಟಿಯೇ ಇರಲಿಲ್ಲ. ಕಟ್ಟಿದವುಗಳಲ್ಲಿ ನೂರಕ್ಕೆ 72ರಲ್ಲಿ ಹರಿಯುವ ನೀರಿಲ್ಲ, 55ರಲ್ಲಿ ಕೈ ತೊಳೆಯುವ ಸೌಕರ್ಯವಿಲ್ಲ, 30 ಬಳಕೆಯಲ್ಲಿಯೇ ಇಲ್ಲ. ದಿನಕ್ಕೊಮ್ಮೆಯಾದರೂ ಶುಚಿಮಾಡಬೇಕೆಂಬ ನಿಯಮವು ನಾಲ್ಕರಲ್ಲಿ ಮೂರು ಪಾಲಿನಷ್ಟು ಕಡೆ ಪಾಲನೆಯಾಗಿರಲಿಲ್ಲ.

ಕಟ್ಟಿಸಿದವರೇ ಮೂರರಿಂದ ಐದು ವರ್ಷ ನೋಡಿಕೊಳ್ಳತಕ್ಕದ್ದೆಂಬ ನಿಯಮವೂ ಇದ್ದಿತು. ಅಂದರೆ ಕಾಗದದ ಮೇಲೆ ಬಿತ್ತುವಟ್ಟ ಇತ್ತು. ಗದ್ದೆ ಇರಲಿಲ್ಲ, ಉಳುವವನೂ ಇರಲಿಲ್ಲ. ದೂರದ ನಗರದಲ್ಲಿ ಕಚೇರಿಯಿರುವ ಉದ್ಯಮಕ್ಕೆ ಕುಗ್ರಾಮದ ಶಾಲೆಯ ನಲ್ಲಿಯಲ್ಲಿ ನೀರು ಬಾರದಿದ್ದರೆ ತಿಳಿಯುವುದಾದರೂ ಹೇಗೆ? ತಿಳಿಯತಕ್ಕವರು ಊರಿನಲ್ಲಿಯೇ ಇದ್ದರು, ಆ ಮಕ್ಕಳ ತಾಯಂದಿರು. ಮೈನೆರೆದ ಮಗಳು ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸುವುದೇಕೆಂಬುದನ್ನು ಅವರಿಗೆ ಯಾವ ವರದಿಯೂ ಕಲಿಸಬೇಕಾಗಿಲ್ಲ. ನೀರಿನ ತೊಟ್ಟಿ ಮೊದಲೋ ಗೋಡೆ ಮೊದಲೋ ಎಂದು ಅವರನ್ನು ಕೇಳಿದ್ದರೆ ಉತ್ತರ ದೊರೆಯುತ್ತಿತ್ತು.

ನಮ್ಮ ರಾಜ್ಯದಲ್ಲಿ ಇಂಥವರ ಮಾತಿಗೆಂದೇ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದುವು. ಅವುಗಳಲ್ಲಿ ತಂದೆತಾಯಿಗಳು ಕೂರುತ್ತಾರೆ. ಆದರೆ ಕಂಪನಿಗಳ ಹಣ ಸಾಮಾನ್ಯವಾಗಿ ಹಿಡಿಯುವ ದಾರಿಯೇ ಬೇರೆ. ತಾನೇ ನೇರವಾಗಿ ಕೆಲಸ ಮಾಡಿಸದ ಕಂಪನಿ ಇನ್ನೊಂದು ಸಂಸ್ಥೆಯ ಕೈಯಿಂದ ಮಾಡಿಸಬೇಕಾದರೆ, 2021ರ ನಿಯಮಗಳಂತೆ ಆ ಸಂಸ್ಥೆ ಕೇಂದ್ರದಲ್ಲಿ ನೋಂದಣಿಯಾಗಿರಬೇಕು. ಖಾಸಗಿ ಸಂಸ್ಥೆಯಾದರೆ ತೆರಿಗೆ ಇಲಾಖೆಯ ಮನ್ನಣೆ, ಮೂರು ವರ್ಷಗಳ ಅನುಭವ ಇವೂ ಬೇಕು. ಹತ್ತು ಮಂದಿ ಕೂಲಿ ಹೆಂಗಸರು ಸೇರಿ ಕಟ್ಟಿಕೊಂಡ ಸಂಘ ಈ ಬಾಗಿಲನ್ನು ದಾಟಲಾರದು. ದಾಟಿದರೂ ಆಡಳಿತ ವೆಚ್ಚಕ್ಕೆಂದು ಕಂಪನಿ ತೋರಿಸಬಹುದಾದುದು ನೂರಕ್ಕೆ ಐದು ಮಾತ್ರ. ಕೆಲಸ ಎಷ್ಟು ದೀರ್ಘವಾದುದಾದರೂ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳಲ್ಲಿ ಮುಗಿಯಬೇಕು. ಮೂರು ವರ್ಷದಲ್ಲಿ ಕಟ್ಟಡ ಮುಗಿಯುತ್ತದೆ. ಕೇರಿಯ ಮಗುವಿಗೂ ಊರಿನ ಮಗುವಿಗೂ ಒಂದೇ ಲೋಟ ಎಂಬುದು ಮುಗಿಯುವುದಿಲ್ಲ. ವಿದೇಶದ ಹಣಕ್ಕೆ ಸಂಬಂಧಿಸಿದ ಕಾನೂನು 2020ರಲ್ಲಿ ಇನ್ನೂ ಬಿಗಿಯಾಗಿ, ಆಡಳಿತ ವೆಚ್ಚದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ತಾನು ಪಡೆದುದನ್ನು ಹಳ್ಳಿಯ ಸಣ್ಣ ಸಂಸ್ಥೆಯೊಡನೆ ಹಂಚಿಕೊಳ್ಳುವುದೂ ನಿಂತಿತು. ಸುಳ್ಳು ಲೆಕ್ಕ ಬರೆದು ಹಣ ನುಂಗಿದವರು ಇಲ್ಲವೆಂದಲ್ಲ. ಸರ್ಕಾರದ ಭಯಕ್ಕೆ ಕಾರಣವುಂಟು. ಆದರೆ ಕಳ್ಳನಿಗೆ ಹಾಕಿದ ಬೇಲಿ ಮೊದಲು ತಡೆದದ್ದು ಬರಿಗಾಲಿನವನನ್ನು.

‘ಆಡಳಿತ ವೆಚ್ಚ’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಲೆಕ್ಕ ಬರೆಯುವವನ ಸಂಬಳ, ಕಚೇರಿಯ ಬಾಡಿಗೆ, ಹಳ್ಳಿಯಿಂದ ಹಳ್ಳಿಗೆ ಓಡಾಡುವ ಕಾರ್ಯಕರ್ತೆಯ ಬಸ್ಸಿನ ಖರ್ಚು ಇವನ್ನು ದಾನಿಗಳು ಸೋರಿಕೆಯೆಂದು ಭಾವಿಸುತ್ತಾರೆ. ಶಾಸನದ ಭಾಷೆಯಲ್ಲಿ ಅದು ಸೋರಿಕೆಯಲ್ಲ, ಬಿತ್ತುವಟ್ಟ.

ಕೊಡುವವನ ಅಭಿರುಚಿಯೇ ಎಂದೆಂದಿಗೂ ಕೆಟ್ಟದ್ದೆಂದು ನಾನು ಹೇಳಲಾರೆ. ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆ ಯಾವ ಸಮಿತಿಯನ್ನೂ ಕೇಳಲಿಲ್ಲವೆಂದು ಕಾಣುತ್ತದೆ. ಹಾಗಿದ್ದೂ ಹನ್ನೆರಡನೆಯ ಶತಮಾನದ ಶರಣರು ದಾನಕ್ಕಿಂತ ದಾಸೋಹವನ್ನು ಮೇಲಿಟ್ಟುದರಲ್ಲಿ ಒಂದು ಸೂಕ್ಷ್ಮವಿದೆ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ಕೊಡುವವನೇ ಕೆಳಗೆ ನಿಲ್ಲುತ್ತಾನೆ.

ಅಂಥ ಪ್ರಯತ್ನಗಳು ಈಚೆಗೆ ಅಲ್ಲಲ್ಲಿ ಕಾಣುತ್ತಿವೆ. ಅಮೆರಿಕದ ಮೆಕೆನ್ಜಿ ಸ್ಕಾಟ್ ಎಂಬಾಕೆ 2020ರಿಂದೀಚೆಗೆ ನೂರಾರು ಸಂಸ್ಥೆಗಳಿಗೆ ಇಂತಹುದಕ್ಕೇ ಖರ್ಚುಮಾಡಿ ಎಂಬ ಕಟ್ಟಳೆಯಿಲ್ಲದೆ ಹಣ ನೀಡಿದ್ದಾರೆ. ಮೊದಮೊದಲು ಆಯ್ಕೆಯೆಲ್ಲ ತೆರೆಯ ಹಿಂದೆಯೇ ನಡೆಯುತ್ತಿದ್ದುದರಿಂದ ಟೀಕೆಯೂ ಬಂದಿತು. 2023ರಲ್ಲಿ ಬಹಿರಂಗವಾಗಿ ಅರ್ಜಿ ಕರೆದು, ಮೊದಲ ಸುತ್ತಿನಲ್ಲಿ ಅರ್ಜಿದಾರ ಸಂಸ್ಥೆಗಳೇ ಒಬ್ಬರ ಅರ್ಜಿಯನ್ನೊಬ್ಬರು ತೂಗುವಂತೆ ಏರ್ಪಡಿಸಲಾಯಿತು; ಮರುವರ್ಷ 361 ಸಂಸ್ಥೆಗಳಿಗೆ 64 ಕೋಟಿ ಡಾಲರು ಸಂದಿತು. ಹಣವುಳ್ಳಾಕೆ ತೀರ್ಪಿನ ಒಂದು ಪಾಲನ್ನು ಬಿಟ್ಟುಕೊಟ್ಟರು. ಹಣವನ್ನು ಬಿಟ್ಟುಕೊಡುವುದಕ್ಕಿಂತ ಇದು ಕಠಿಣವೆಂದು ತೋರುತ್ತದೆ.

ನಮ್ಮಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು 2024ರಲ್ಲಿ ರಾಜ್ಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ದೊರೆಯುತ್ತಿದ್ದ ಮೊಟ್ಟೆ ಆರು ದಿನವೂ ದೊರೆಯುವಂತೆ ಮಾಡಿತು. ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಮೊಟ್ಟೆ ಒಲ್ಲದ ಮಗುವಿಗೆ ಬಾಳೆಹಣ್ಣು ಉಂಟು. 2021ರ ಕೊನೆಯಲ್ಲಿ ಮೊಟ್ಟೆಯ ವಿಚಾರವಾಗಿ ಹಿರಿಯರು ವಾದಿಸಿದ ಗದ್ದಲವನ್ನು ನೆನೆದರೆ, ಏನನ್ನು ತಿನ್ನಬೇಕೆಂಬುದನ್ನು ತಿನ್ನುವ ಮಗುವಿಗೇ ಬಿಟ್ಟದ್ದು ಸಣ್ಣ ಸಂಗತಿಯಲ್ಲ. ಆದರೆ ಬೇಯಿಸುವ, ಸುಲಿಯುವ ಅಡುಗೆಯವರ ದುಡಿಮೆ ಇದರಿಂದ ಎಷ್ಟು ಹೆಚ್ಚಿತು, ಅವರಿಗೆ ಸಲ್ಲುವ ಗೌರವಧನ ಎಷ್ಟು ಎಂಬ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ. ಮೂರು ವರ್ಷ ಕಳೆದ ಮೇಲೆ ಏನು ಎಂಬುದೂ ಉಳಿಯುತ್ತದೆ.

ಕೆಲವು ವರ್ಷಗಳ ಕೆಳಗೆ ವಿದ್ಯಾರ್ಥಿಗಳ ಸೇವಾಶಿಬಿರಕ್ಕೆಂದು ಒಂದು ಹಳ್ಳಿಗೆ ಹೋಗಿದ್ದೆ. ಶಾಲೆಯ ಹಿಂದೆ ಅಚ್ಚುಕಟ್ಟಾದ ಶೌಚಾಲಯ, ಕೊಟ್ಟವರ ಹೆಸರು ಆಳೆತ್ತರದ ಅಕ್ಷರಗಳಲ್ಲಿ, ಬಾಗಿಲಿಗೆ ಬೀಗ. ಬೀಗದ ಕೈ ಯಾರಲ್ಲಿದೆಯೆಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ. “ನನ್ನ ಹತ್ತಿರವೇ ಇದೆ ಸರ್. ಫೋಟೋ ತೆಗೆಯುವವರು ಬಂದಾಗ ತೆಗೆಯುತ್ತೇನೆ. ಆವತ್ತು ನಮ್ಮ ಹುಡುಗಿಯರೇ ಬೋರಿನಿಂದ ನೀರು ಹೊತ್ತು ತಂದು ತೊಟ್ಟಿ ತುಂಬುತ್ತಾರೆ” ಎಂದರು.