ಗುಡ್ಡ ಜಾರುವ ಮೊದಲು ಗ್ರಾಮಸಭೆಗೆ ಹೋಗೋಣ

ಅನಾಹುತ ಆದ ಮೇಲೆ ಓಡಿ ಹೋಗುವುದರಲ್ಲಿ ನಮ್ಮ ಹುಡುಗರನ್ನು ಯಾರೂ ದೂರುವಂತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಭಾಗದ ಬೆಟ್ಟಗಳು ಜಾರಿದಾಗ ಕರಾವಳಿಯ ಜಮಾಅತ್‌ಗಳಿಂದ ಅಕ್ಕಿ, ಕಂಬಳಿ, ಬಟ್ಟೆ ಘಟ್ಟ ಹತ್ತಿತು. ಮರುವರ್ಷ ಚಾರ್ಮಾಡಿ ಘಾಟಿ ಕುಸಿದು ಬೆಳ್ತಂಗಡಿ ತಾಲೂಕಿನ ಹಳ್ಳಿಗಳು ನೀರುಪಾಲಾದಾಗಲೂ ಹಾಗೆಯೇ. 2024ರಲ್ಲಿ ವಯನಾಡಿಗೂ ನೆರವು ಹೋಯಿತು. ಇದೆಲ್ಲ ಹೆಮ್ಮೆಯ ವಿಷಯವೇ. ಆದರೆ ಒಂದು ಮಾತು ಕೇಳಲೇಬೇಕು. ಕಿಟ್ ಹಂಚುವ ದಿನ ಸೇರುವ ನೂರು ಜನರಲ್ಲಿ ಎಷ್ಟು ಮಂದಿ ತಮ್ಮ ಪಂಚಾಯತ್‌ನ ಗ್ರಾಮಸಭೆಗೆ ಹೋಗಿದ್ದಾರೆ? ಗುಡ್ಡದ ಯಾವ ಬದಿ ಅಗೆಯಬಹುದು, ಯಾವ ಬದಿ ಮುಟ್ಟಬಾರದು ಎಂದು ಎಷ್ಟು ಮಂದಿ ಕೇಳಿದ್ದಾರೆ?

ಇದು ಘಟ್ಟದ ಮೇಲಿನವರ ಸಮಸ್ಯೆ, ನಮಗೇನು ಅಂತ ಹೇಳುವ ಕಾಲ ಮುಗಿದಿದೆ. ಮೊದಲನೆಯದಾಗಿ, ಕಾಫಿ, ಕಾಳುಮೆಣಸು, ಅಡಿಕೆ, ಮರದ ವ್ಯಾಪಾರ ಹಿಡಿದು ಕೊಡಗು, ಮೂಡಿಗೆರೆ, ಸಕಲೇಶಪುರ ಕಡೆ ನೆಲೆನಿಂತ ಬ್ಯಾರಿ ಮನೆಗಳು ಕಡಿಮೆಯೇನಲ್ಲ. ಇನ್ನು ಘಟ್ಟದ ಮಳೆ ಅಲ್ಲೇ ನಿಲ್ಲುವುದಿಲ್ಲ, ನೇತ್ರಾವತಿ, ಕುಮಾರಧಾರಾ, ಪಯಸ್ವಿನಿಯಾಗಿ ನಮ್ಮ ಅಂಗಳಕ್ಕೇ ಬರುತ್ತದೆ. ಅಷ್ಟೇ ಅಲ್ಲ, ಗುಡ್ಡ ಕುಸಿತ ಘಟ್ಟ ಇಳಿದು ಬಂದೂ ಆಗಿದೆ. 2020ರ ಜುಲೈಯಲ್ಲಿ ಗುರುಪುರದ ಬಂಗ್ಲೆಗುಡ್ಡೆಯಲ್ಲಿ ಮಣ್ಣಿನಡಿ ಸಿಕ್ಕಿ ಹೋದದ್ದು ಇಬ್ಬರು ಮಕ್ಕಳು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಒಂದೇ ಮನೆಯ ಅಜ್ಜಿ ಮತ್ತು ಇಬ್ಬರು ಮೊಮ್ಮಕ್ಕಳು ಹೋದರು. ಇವೆರಡೂ ಪಶ್ಚಿಮ ಘಟ್ಟದ ಶಿಖರಗಳಲ್ಲ, ಮಂಗಳೂರಿನ ಆಸುಪಾಸಿನ ಊರುಗಳು.

ಕಾರಣ ನಮ್ಮ ಕಾಲಡಿಯ ಮಣ್ಣಿನಲ್ಲೇ ಇದೆ. ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು. ಬೇಸಗೆಯಲ್ಲಿ ಈ ಶೇಡಿಗೆ ಪಿಕ್ಕಾಸು ಇಳಿಯುವುದೂ ಕಷ್ಟ, ನೀರು ಕುಡಿದರೆ ಬೆಣ್ಣೆಯ ಹಾಗೆ ಜಾರುತ್ತದೆ. ಗುಡ್ಡಕ್ಕೆ ಅದರದೇ ಆದ ಇಳಿಜಾರು, ನೀರು ಹೋಗುವ ತೋಡು ಇರುತ್ತದೆ. ಜೇಸಿಬಿ ತಂದು ಬುಡವನ್ನು ನೆಟ್ಟಗೆ ಕಡಿದು, ತೋಡಿಗೆ ಮಣ್ಣು ತುಂಬಿಸಿ ಸಮತಟ್ಟು ಮಾಡಿದರೆ ಮೇಲಿನ ಭಾರಕ್ಕೆ ಆಧಾರ ಹೋಯಿತು, ನೀರಿಗೆ ದಾರಿಯೂ ಹೋಯಿತು. ಕೊಡಗಿನ 2018ರ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ರಸ್ತೆ, ಮನೆಗಳಿಗಾಗಿ ಇಳಿಜಾರು ಕಡಿದದ್ದರ ಕಡೆಗೇ ಬೆರಳು ತೋರಿಸಿದ್ದರು. ಮಳೆಯೂ ಹಳೆಯ ಮಳೆಯಲ್ಲ. ತಿಂಗಳಿಡೀ ಹನಿಯುತ್ತಿದ್ದದ್ದು ಈಗ ಎರಡು ದಿನದಲ್ಲಿ ಸುರಿದು ಹೋಗುತ್ತದೆ. ವಯನಾಡಿನ ದುರಂತದ ದಿನದ ಮಳೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು ಶೇ. 10ರಷ್ಟು ಹೆಚ್ಚು ಬಿರುಸಾಗಿತ್ತು ಎಂದು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡದ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮಳೆಯನ್ನು ನಾವು ನಿಲ್ಲಿಸಲಾರೆವು. ಜೇಸಿಬಿಯನ್ನು ನಿಲ್ಲಿಸಬಹುದು.

ನಿಲ್ಲಿಸಬೇಕಾದವರು ಯಾರು ಎಂಬುದೇ ಹದಿನೈದು ವರ್ಷಗಳ ಜಗಳ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಇಡೀ ಪಶ್ಚಿಮ ಘಟ್ಟವನ್ನು ಸೂಕ್ಷ್ಮತೆಗೆ ತಕ್ಕಂತೆ ಮೂರು ವಲಯ ಮಾಡಿ, ಕೊನೆಯ ತೀರ್ಮಾನಕ್ಕೆ ಗ್ರಾಮಸಭೆಗಳ ಮಾತು ಕೇಳಬೇಕು ಎಂದಿತು. ವರದಿ ಇದ್ದದ್ದು ಇಂಗ್ಲಿಷಿನಲ್ಲಿ, ಹಳ್ಳಿಗೆ ತಲುಪಿದ್ದು ವದಂತಿ. ದನ ಸಾಕುವ ಹಾಗಿಲ್ಲವಂತೆ, ಮನೆಗೆ ಹಂಚು ಹಾಕುವ ಹಾಗಿಲ್ಲವಂತೆ, ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರಂತೆ! ಆಮೇಲೆ 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ ಗ್ರಾಮಗಳ ಪಟ್ಟಿ ಮಾಡಿತು. ದಕ್ಷಿಣ ಕನ್ನಡದ 46 ಗ್ರಾಮಗಳು ಅದರಲ್ಲಿ ಬಂದವು. 2014ರಿಂದ ಈವರೆಗೆ ಕೇಂದ್ರ ಸರಕಾರ ಮತ್ತೆ ಮತ್ತೆ ಕರಡು ಅಧಿಸೂಚನೆ ಹೊರಡಿಸುತ್ತಲೇ ಇದೆ. ಆರನೆಯದು ಬಂದದ್ದು 2024ರ ಜುಲೈ 31ರಂದು, ವಯನಾಡಿನಲ್ಲಿ ಇನ್ನೂ ಹೆಣಗಳನ್ನು ಹುಡುಕುತ್ತಿದ್ದಾಗ. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು.

ತಿರಸ್ಕರಿಸುವುದು ಸರಕಾರದ ಹಕ್ಕು, ಇರಲಿ. ಆದರೆ ಅದರ ಬದಲು ಏನು ಎಂದು ಹೇಳಬೇಕಲ್ಲ? ಕರಡಿನಲ್ಲಿ ಮುಖ್ಯವಾಗಿ ನಿಷೇಧ ಇದ್ದದ್ದು ಗಣಿಗಾರಿಕೆ, ಕಲ್ಲುಕೋರೆ, ಮರಳುಗಾರಿಕೆ, ಉಷ್ಣ ಸ್ಥಾವರ, ಕೆಂಪು ಪಟ್ಟಿಯ ಉದ್ಯಮ, 20,000 ಚದರ ಮೀಟರ್ ಮೀರಿದ ಕಟ್ಟಡಗಳಿಗೆ. ತೋಟ ಮಾಡುವವನ, ಐದು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುವವನ ಹೆಸರು ಹೇಳಿ ಪ್ರತಿಭಟನೆ ಮಾಡಿಸಿದವರಲ್ಲಿ ಕೋರೆಯವರೂ ರೆಸಾರ್ಟಿನವರೂ ಇದ್ದರು ಎಂಬುದನ್ನು ಮರೆಯಬಾರದು. ಹಾಗೆಂದು ಜನರ ಹೆದರಿಕೆ ಪೂರ್ತಿ ಸುಳ್ಳು ಅಂತಲೂ ನಾವು ಹೇಳುವುದಿಲ್ಲ. 2025ರ ಮಳೆಗಾಲದಲ್ಲಿ ನಮ್ಮ ಜಿಲ್ಲೆಯಲ್ಲಿ ಕೆಂಪುಕಲ್ಲು, ಮರಳು ಸಿಗದೆ ಕಟ್ಟಡ ಕೆಲಸ ನಿಂತಾಗ ಮೇಸ್ತ್ರಿಗಳು, ಲಾರಿಯವರು, ಕೂಲಿಯವರು ಪಟ್ಟ ಪಾಡು ನಮ್ಮ ಎಷ್ಟೋ ಮನೆಗಳಿಗೆ ಗೊತ್ತು. ಮೇಲಿನಿಂದ ಬರುವ ಆದೇಶ ಮೊದಲು ಹೊಡೆಯುವುದು ದಿನಗೂಲಿಯವನನ್ನೇ. ಹಾಗಾಗಿಯೇ ನಿಯಮ ಮಾಡುವ ಜಾಗದಲ್ಲಿ ಅವನೂ ಕೂತಿರಬೇಕು ಎನ್ನುವುದು.

ಊರಿನವರ ಕೈಗೆ ಕೆಲಸ ಕೊಟ್ಟರೆ ಏನಾಗುತ್ತದೆ, ಕೊಟ್ಟೂ ಕೇಳದಿದ್ದರೆ ಏನಾಗುತ್ತದೆ ಎಂಬ ಎರಡಕ್ಕೂ ವಯನಾಡೇ ಉದಾಹರಣೆ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಎಂಬ ಸಣ್ಣ ಸಂಸ್ಥೆ ಜಿಲ್ಲೆಯ ತುಂಬ ಸುಮಾರು ಇನ್ನೂರು ಕಡೆ ಮಳೆಮಾಪಕ ಇಡಿಸಿದೆ. ದಿನವೂ ನೋಡಿ ಲೆಕ್ಕ ಕಳಿಸುವವರಲ್ಲಿ ಊರಿನ ರೈತರು, ತೋಟದವರು ಇದ್ದಾರೆ. ಎಲ್ಲಿ ಎಷ್ಟು ಮಳೆ ದಾಟಿದರೆ ಗುಡ್ಡಕ್ಕೆ ಅಪಾಯ ಎಂಬ ಅಂದಾಜು ಅವರಲ್ಲಿದೆ. 2020ರಲ್ಲಿ ಈ ಲೆಕ್ಕ ನಂಬಿ ಮುಂಡಕ್ಕೈಯ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು, ಗುಡ್ಡ ಜಾರಿದಾಗ ಜೀವ ಉಳಿಯಿತು. 2024ರ ಜುಲೈ 29ರ ಬೆಳಗ್ಗೆಯೂ ಅವರು ಜಿಲ್ಲಾಡಳಿತಕ್ಕೆ ಎಚ್ಚರಿಕೆ ಕೊಟ್ಟರು. ಹವಾಮಾನ ಇಲಾಖೆಯ ಎಚ್ಚರಿಕೆ ಮಾತ್ರ ಆಗ ಆರೆಂಜ್ ಆಗಿತ್ತು, ರೆಡ್ ಅಲ್ಲ. ದೊಡ್ಡ ಪ್ರಮಾಣದಲ್ಲಿ ಜನರನ್ನು ಎಬ್ಬಿಸಿ ಸಾಗಿಸುವ ಕೆಲಸ ಆಗಲಿಲ್ಲ. ಅದೇ ರಾತ್ರಿ ಕಳೆದು ಬೆಳಗಾಗುವ ಮೊದಲು ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದವು. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಲೆಕ್ಕ ಇತ್ತು, ಅದಕ್ಕೆ ಕಿವಿ ಕೊಡಬೇಕಾದ ಕಚೇರಿ ಬೇರೆ ಕಾಗದಕ್ಕೆ ಕಾಯುತ್ತಿತ್ತು.

ನಮ್ಮಲ್ಲಿ ಪರಿಸ್ಥಿತಿ ಹೇಗಿದೆ? ಇಸ್ರೋ 2023ರಲ್ಲಿ ಪ್ರಕಟಿಸಿದ ಭೂಕುಸಿತ ಅಟ್ಲಾಸ್‌ನಲ್ಲಿ ದೇಶದ 147 ಜಿಲ್ಲೆಗಳಿವೆ. ಅಪಾಯದ ಪಟ್ಟಿಯಲ್ಲಿ ಕೊಡಗು 12ನೆಯದು, ವಯನಾಡು 13ನೆಯದು. ಇನ್ನೊಮ್ಮೆ ಓದಿ: ವಯನಾಡಿಗಿಂತ ಒಂದು ಮೆಟ್ಟಿಲು ಮೇಲೆ ಕೊಡಗು ಇದೆ. ಕರ್ನಾಟಕಕ್ಕೆ ಸಾಧನದ ಬಡತನ ಇಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯತ್ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ಹಾಕಿದೆ, ಅಂಕಿ ಬೆಂಗಳೂರಿಗೆ ಹೋಗುತ್ತದೆ. ಆದರೆ ಬರೆಯ ಬುಡದಲ್ಲಿ ಮಲಗಿದ ಮನೆಗೆ ಅದೇ ಅಂಕಿ ವಾಪಸ್ ಬರಬೇಕಲ್ಲ? ಒಂದೇ ಪಂಚಾಯತ್‌ನಲ್ಲಿ ಗುಡ್ಡದ ಆಚೆ ಬದಿ ಸುರಿದದ್ದು ಈಚೆ ಬದಿ ಸುರಿಯುವುದಿಲ್ಲ ಎಂಬುದು ಯಾವ ರಬ್ಬರ್ ಟ್ಯಾಪರ್‌ಗೂ ಗೊತ್ತು.

ಕಾನೂನೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತ್‌ನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹುತೇಕ ಕಡೆ ಅದು ಹೆಸರಿಗಷ್ಟೇ, ಸದಸ್ಯರಿಗೇ ತಾವು ಸದಸ್ಯರು ಅಂತ ಗೊತ್ತಿರುವುದಿಲ್ಲ ಮಾರಾಯ್ರೆ! ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ, ಗ್ರಾಮಸಭೆ ಆಗಲೇಬೇಕು ಎನ್ನುತ್ತದೆ. ಅಲ್ಲಿ ಕೇಳಿದ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ, ವಾಟ್ಸಾಪ್‌ನಲ್ಲಿ ಬೈದದ್ದು ದಾಖಲಾಗುವುದಿಲ್ಲ.

ಇದರಲ್ಲಿ ಸಮುದಾಯದ ಒಳಗಿನ ಒಂದು ಮಾತೂ ಇದೆ, ಕೆಲವರಿಗೆ ರುಚಿಸದಿರಬಹುದು. ಗುಡ್ಡ ಕಡಿದು ಸೈಟ್ ಮಾಡಿ ಮಾರುವವರಲ್ಲಿ ನಮ್ಮವರೂ ಇದ್ದಾರೆ, ಜೇಸಿಬಿ ಇಟ್ಟುಕೊಂಡವರಲ್ಲೂ ಇದ್ದಾರೆ. ಆ ಸೈಟಿನಲ್ಲಿ ಕಡಿಮೆ ಬೆಲೆಗೆ ಸಿಗುವ ಕೊನೆಯ ಐದು ಸೆಂಟ್ಸ್ ಯಾವಾಗಲೂ ಬರೆಯ ಬುಡದ್ದು ಅಥವಾ ಅಂಚಿನದ್ದು. ಗಲ್ಫಿನಲ್ಲಿ ಹತ್ತು ವರ್ಷ ದುಡಿದವನು, ಬೀಡಿ ಕಟ್ಟಿ ಕೂಡಿಟ್ಟವಳು ಅದನ್ನೇ ಕೊಳ್ಳುತ್ತಾರೆ. ಕನ್ವರ್ಷನ್ ಆಗಿದೆ, 9/11 ಆಗಿದೆ ಅಂದರೆ ಎಲ್ಲ ಸರಿ ಎಂದು ನಂಬುತ್ತಾರೆ. ಮಣ್ಣು ಹೇಗಿದೆ, ನೀರು ಎಲ್ಲಿ ಹೋಗುತ್ತದೆ, ತಡೆಗೋಡೆಯ ಖರ್ಚು ಯಾರದ್ದು ಎಂಬ ಮಾತು ಆ ಕಾಗದಗಳಲ್ಲಿ ಇರುವುದಿಲ್ಲ. ಮನೆ ಪೂರ್ತಿ ಹೋದರೆ ಗುಡ್ಡಗಾಡಿಗೆ ಕೇಂದ್ರದ ಮಾರ್ಗಸೂಚಿ ಪ್ರಕಾರ ಸಿಗುವ ಪರಿಹಾರ 1.30 ಲಕ್ಷ ರೂಪಾಯಿ. ಅಷ್ಟರಲ್ಲಿ ಪಂಚಾಂಗವೂ ಏಳುವುದಿಲ್ಲ.

ಮುಂದಿನ ವಾರ್ಡ್ ಸಭೆಯ ದಿನ ಯಾವುದು ಎಂದು ಪಿಡಿಒ ಅವರಲ್ಲಿ ವಿಚಾರಿಸಿ, ಜುಮಾ ನಮಾಝಿನ ಬಳಿಕ ಜಮಾಅತ್ ಕಮಿಟಿಯವರು ಒಂದು ನಿಮಿಷ ಅದನ್ನು ಹೇಳಬಹುದು. ಮದ್ರಸದ ಹಿಂದಿನ ಬರೆಯನ್ನೂ ಒಮ್ಮೆ ಎಂಜಿನಿಯರ್‌ಗೆ ತೋರಿಸಲಿ. ಸಭೆಗೆ ಹೋದವರು ವಾರ್ಡಿನಲ್ಲಿ ಕಡಿದ ಗುಡ್ಡದ ಬುಡದಲ್ಲಿರುವ ಮನೆಗಳ ಪಟ್ಟಿ ಇದೆಯೇ ಎಂದು ಕೇಳಲಿ. ಇಲ್ಲದಿದ್ದರೆ ಮೇ ತಿಂಗಳ ಒಳಗೆ ಮಾಡಿಸಲಿ. ರಾತ್ರಿ ಎರಡು ಗಂಟೆಗೆ ಮಳೆ ಮಿತಿ ದಾಟಿದರೆ ಆ ಮನೆಗಳ ಬಾಗಿಲು ತಟ್ಟುವವರು ಯಾರು, ಅವರನ್ನು ಯಾವ ಶಾಲೆಗೆ, ಯಾವ ವಾಹನದಲ್ಲಿ ಕರೆದೊಯ್ಯುವುದು ಎಂಬುದನ್ನು ಹೆಸರು, ಫೋನ್ ನಂಬರ್ ಸಮೇತ ನಡಾವಳಿಯಲ್ಲಿ ಬರೆಸಲಿ.